ಗೋಡೆಯ ಮುಂದೆ ನಿಂತ ದೊಡ್ಡಕ್ಕ

"ಗುರುಗಳೇ, ಭಯವಿಲ್ಲದೆ ಗೌರವ ಹುಟ್ಟುತ್ತದೆಯೇ?" ಎಂದು ಮೃತ್ಯುಂಜಯ ಕೇಳಿದ.

ಮಠದ ಪಾಠಶಾಲೆಯಲ್ಲಿ ಅವನೇ ಹಿರಿಯ ವಿದ್ಯಾರ್ಥಿ. ಆ ವರ್ಷ ಬಂದ ಹೊಸಬರನ್ನು ನೋಡಿಕೊಳ್ಳುವ ಕೆಲಸ ಅವನದಾಗಿತ್ತು. ಅವರು ತನಗೆ ಹೆದರುತ್ತಿಲ್ಲ ಎಂಬುದು ಅವನ ಕೊರಗು.

ಗುರುಗಳು ಈ ಕತೆ ಹೇಳಿದರು.

ಅಮೆರಿಕದ ದಕ್ಷಿಣದ ಒಂದು ಊರಿನಲ್ಲಿ ಕಪ್ಪು ಜನರ ಕಾಲೇಜೊಂದಿತ್ತು. ಅಲ್ಲಿ ಓದುವ ಹೆಣ್ಣುಮಕ್ಕಳು ತಮ್ಮದೇ ಒಂದು ಸೋದರಿಯರ ಸಂಘ ಕಟ್ಟಿಕೊಂಡಿದ್ದರು. ಸಂಘಕ್ಕೊಂದು ಮನೆಯಿತ್ತು. ಒಮ್ಮೆ ಸೇರಿದವಳು ಸಾಯುವ ತನಕ ಆ ಮನೆಯ ಮಗಳು. ಓದು ಮುಗಿದು, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡವರೂ ಅಲ್ಲಿಗೆ ಬಂದು ಹೋಗುತ್ತಿದ್ದರು. ಮೊದಲು ಸೇರಿದವರು ಅಕ್ಕಂದಿರು, ಆಮೇಲೆ ಬಂದವರು ತಂಗಿಯರು.

ಕಾಲ ಕಳೆದಂತೆ ಅಲ್ಲೊಂದು ಪದ್ಧತಿ ಬೆಳೆಯಿತು. ಸೇರಲು ಬಂದ ಹೊಸಬರನ್ನು ಗೋಡೆಗೆ ಮುಖ ಮಾಡಿಸಿ ನಿಲ್ಲಿಸುವುದು. ಅವರು ಮಾತನಾಡಬಾರದು, ತಿರುಗಿ ನೋಡಬಾರದು. ಅಲುಗಾಡಿದವಳಿಗೆ ಸಂಘದಲ್ಲಿ ಜಾಗವಿಲ್ಲ. ಇದನ್ನು ಯಾರು ಶುರು ಮಾಡಿದರೋ ಯಾರಿಗೂ ಗೊತ್ತಿರಲಿಲ್ಲ. ನಿಂತವರು ತಮ್ಮ ಸರದಿ ಬಂದಾಗ ಇನ್ನೊಬ್ಬರನ್ನು ನಿಲ್ಲಿಸಿದರು.

ಆ ವರ್ಷ ಲೊರೆಟಾ ಎಂಬವಳು ಸಂಘದ ನಾಯಕಿ. ಒಂದು ಮಧ್ಯಾಹ್ನ ಅವಳು ಹೊಸ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದ್ದಳು. ಅದೇ ಹೊತ್ತಿಗೆ ಅರ್ನೆಸ್ಟೀನ್ ಎಂಬ ಮುದುಕಿ ಕೋಲೂರಿಕೊಂಡು ಬಂದಳು. ಸಂಘ ಕಟ್ಟಿದವರಲ್ಲಿ ಅವಳೂ ಒಬ್ಬಳು. ಎಲ್ಲರಿಗೂ ಅವಳು ದೊಡ್ಡಕ್ಕ. ಬಹಳ ವರ್ಷ ಬೇರೆ ಊರಿನಲ್ಲಿ ಮಗಳ ಜೊತೆ ಇದ್ದವಳು, ಮನೆಯನ್ನು ನೋಡುವ ಆಸೆಯಿಂದ ಬಂದಿದ್ದಳು.

ಲೊರೆಟಾ ಓಡಿ ಹೋಗಿ ಅವಳ ಕೈ ಹಿಡಿದು ಒಳಗೆ ಕರೆತಂದಳು. ಇದ್ದುದರಲ್ಲಿ ಒಳ್ಳೆಯ ಕುರ್ಚಿ ತಂದು ಹಾಕಿದಳು. ಮುದುಕಿ ಕೂರಲಿಲ್ಲ.

"ಈ ಮಕ್ಕಳು ಯಾಕೆ ಹೀಗೆ ನಿಂತಿದ್ದಾರೆ?"

"ಹಿರಿಯರನ್ನು ಗೌರವಿಸುವುದನ್ನು ಕಲಿಸುತ್ತಿದ್ದೇವೆ, ದೊಡ್ಡಕ್ಕ."

"ಹಾಗಾದರೆ ನಾನೂ ಕಲಿಯಬೇಕಲ್ಲ. ನನಗಿಂತ ಹಿರಿಯಳು ಒಬ್ಬಳು ಇನ್ನೂ ಬದುಕಿದ್ದಾಳೆ."

ಅವಳು ಸಾಲಿನ ಕೊನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಲೊರೆಟಾ ಬೇಡವೆಂದು ಅಂಗಲಾಚಿದಳು. ಮುದುಕಿ ಉತ್ತರ ಕೊಡಲಿಲ್ಲ. ಸಾಲಿನಲ್ಲಿ ನಿಂತವರು ಮಾತನಾಡುವಂತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳ ಮೊಣಕಾಲು ನಡುಗತೊಡಗಿತು. ಪಕ್ಕದಲ್ಲಿ ಡೆಲ್ಲಾ ಎಂಬ ಹುಡುಗಿ ನಿಂತಿದ್ದಳು. ಅವಳ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಆ ಊರಿನಲ್ಲಿ ಅವಳಿಗೆ ತನ್ನವರು ಎನ್ನುವವರು ಯಾರೂ ಇರಲಿಲ್ಲ. ಈ ಸಂಘವೊಂದು ಸಿಕ್ಕರೆ ಸಾಕು ಎಂದು ಆಸೆಪಟ್ಟು ಬಂದಿದ್ದಳು. ಅಲುಗಾಡಿದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ತಿರುಗಿ ಮುದುಕಿಯ ತೋಳು ಹಿಡಿದುಕೊಂಡಳು.

"ಡೆಲ್ಲಾ!" ಎಂದು ಲೊರೆಟಾ ಕೂಗಿದಳು.

ಹುಡುಗಿಯ ಕಣ್ಣು ತುಂಬಿತು. ಆದರೆ ಹಿಡಿದ ತೋಳನ್ನು ಬಿಡಲಿಲ್ಲ. ಅವಳನ್ನು ಹೊರಗೆ ಹೋಗೆಂದು ಹೇಳಬೇಕಾದದ್ದು ನಾಯಕಿಯ ಕೆಲಸ. ಲೊರೆಟಾಳ ಬಾಯಿಂದ ಆ ಮಾತು ಹೊರಡಲಿಲ್ಲ.

ಮುದುಕಿ ಮೆಲ್ಲಗೆ ಈ ಕಡೆ ತಿರುಗಿದಳು. "ನಮ್ಮ ಕಾಲದಲ್ಲಿ ನಾವು ಊರಿಡೀ ನಿಂತವರು, ಮಗಳೇ. ಬಸ್ಸಿನಲ್ಲಿ ಬಿಳಿಯರ ಸೀಟು ಖಾಲಿಯಿದ್ದರೂ ನಿಂತೆವು. ಹೋಟೆಲಿನ ಹಿಂಬಾಗಿಲಲ್ಲಿ ನಿಂತು ತಿಂದೆವು. ಕೂರುವುದಕ್ಕೆ ನಮ್ಮದೂ ಅಂತ ಒಂದು ಜಾಗ ಇರಲಿ ಎಂದು ಈ ಮನೆ ಮಾಡಿದೆವು."

ಲೊರೆಟಾ ತಲೆ ತಗ್ಗಿಸಿದಳು. "ನನ್ನನ್ನೂ ಹೀಗೇ ನಿಲ್ಲಿಸಿದ್ದರು, ದೊಡ್ಡಕ್ಕ."

"ನೋಡಿದರೆ ತಿಳಿಯುತ್ತದೆ. ಅವತ್ತು ನಿಂತವಳು ನೀನಿನ್ನೂ ಕೂತೇ ಇಲ್ಲ. ಬಾ, ಮೊದಲು ನೀನು ಕೂತುಕೋ."

ತನಗೆಂದು ಹಾಕಿದ್ದ ಕುರ್ಚಿಯಲ್ಲಿ ಅವಳನ್ನು ಕೂರಿಸಿದಳು. ಲೊರೆಟಾ ಮುಖ ಮುಚ್ಚಿಕೊಂಡು ಚಿಕ್ಕ ಮಗುವಿನಂತೆ ಅತ್ತಳು. ಅವಳ ಅಳು ನಿಲ್ಲುವವರೆಗೂ ಮುದುಕಿ ಅವಳ ತಲೆಯ ಮೇಲೆ ಕೈಯಿಟ್ಟು ಪಕ್ಕದಲ್ಲೇ ಇದ್ದಳು. ಡೆಲ್ಲಾ ಇನ್ನೂ ಮುದುಕಿಯ ತೋಳು ಹಿಡಿದೇ ಇದ್ದಳು.

ಆಮೇಲೆ ಎಲ್ಲರೂ ಕೂತರು. ಕುರ್ಚಿ ಸಿಗದವರು ನೆಲದ ಮೇಲೆ ಕೂತರು. ಮುದುಕಿ ಒಬ್ಬೊಬ್ಬಳನ್ನೂ ಹತ್ತಿರ ಕರೆದು, "ನಿನ್ನ ಹೆಸರೇನು, ಯಾವ ಊರು, ತಾಯಿ ಹೇಗಿದ್ದಾರೆ?" ಎಂದು ವಿಚಾರಿಸಿದಳು. ಇದಾವುದನ್ನೂ ಲೊರೆಟಾ ಅವರಲ್ಲಿ ಕೇಳಿರಲಿಲ್ಲ. ಈಗ ಕಿವಿಗೊಟ್ಟು ಕೇಳಿದಳು. ಮುಂದೆ ಆ ಮನೆಯಲ್ಲಿ ಯಾರನ್ನೂ ಗೋಡೆಗೆ ನಿಲ್ಲಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮೃತ್ಯುಂಜಯನಿಗೆ ಸಮಾಧಾನವಾಗಲಿಲ್ಲ.

"ಅಷ್ಟೆಲ್ಲ ಆದ ಮೇಲೂ ಆ ಹುಡುಗಿಯರು ಲೊರೆಟಾಳಿಗೆ ಹೆದರಿದರೇ, ಗುರುಗಳೇ?"

"ಇಲ್ಲಪ್ಪ, ಕಷ್ಟ ಬಂದಾಗ ಮೊದಲು ಅವಳ ಬಾಗಿಲನ್ನೇ ತಟ್ಟಿದರು."