ಮೊಣಕಾಲುಗಳ ಮಾನ

ಅಕ್ಕಿ ಗಿರಣಿಯ ಹಮಾಲಿ ದ್ಯಾಮಣ್ಣ ನೆಲದ ಮೇಲಿನ ಮೂಟೆ ಎತ್ತಲು ನಿಂತಾಗ, ಅವನ ಬೆನ್ನು ಮೊಣಕಾಲುಗಳಿಗೆ ಹೇಳಿತು: "ಅಣ್ಣಂದಿರಾ, ನೀವು ಮಡಚಿಕೊಂಡರೆ ಭಾರ ತೊಡೆಗೆ ಹೋಗುತ್ತದೆ. ನಾನು ಬದುಕಿಕೊಳ್ಳುತ್ತೇನೆ."

"ನಾವು ಮಡಚಿ ನೆಲಕ್ಕೆ ಊರುವುದು ದೇವರ ಮುಂದೆ ಮಾತ್ರ," ಎಂದವು ಮೊಣಕಾಲುಗಳು. "ಮೂಟೆಯ ಮುಂದೆ ಊರಿದರೆ ಗಿರಣಿಯವರೆಲ್ಲ ನಗುತ್ತಾರೆ. ಬಗ್ಗುವುದು ನಿನ್ನ ಹಣೆಬರಹ, ತಮ್ಮಾ."

"ನಿಮಗೆ ಕೀಲು ಕೊಟ್ಟವನೂ ಆ ದೇವರೇ ಅಲ್ಲವೇ?" ಎಂದಿತು ಬೆನ್ನು.

ಮೊಣಕಾಲುಗಳು ಸೆಟೆದೇ ನಿಂತವು. ಬೆನ್ನೊಂದೇ ಬಾಗಿ ಮೂಟೆಯನ್ನು ಎತ್ತಹೋಗಿ, ಅರ್ಧದಲ್ಲೇ ಮುರಿದುಬಿತ್ತು.

ದ್ಯಾಮಣ್ಣನನ್ನು ಮನೆಗೆ ಹೊತ್ತು ತಂದು ಚಾಪೆಯ ಮೇಲೆ ಮಲಗಿಸಿದರು. ಆ ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ದಿನಗಳು ಕಳೆದವು, ಅಕ್ಕಿಯ ಮಡಕೆ ಬರಿದಾಯಿತು.

"ಏಳು ತಮ್ಮಾ, ಮಕ್ಕಳು ಹಸಿದು ಕುಳಿತಿವೆ," ಎಂದವು ಮೊಣಕಾಲುಗಳು.

"ನಿಮ್ಮ ಮಾನ ಉಳಿದಿದೆಯಲ್ಲ," ಎಂದಿತು ಬೆನ್ನು. "ಅದನ್ನೇ ಬಡಿಸಿ."