ಕೆನೆ ಬಿರಿದ ಸಂಜೆ

ಹೊಳೆ ದಿಕ್ಕು ಬದಲಿಸಿ ಆಶ್ರಮವನ್ನು ಎರಡು ಮಾಡಿ ಎಷ್ಟೋ ವರ್ಷಗಳಾಗಿದ್ದವು. ಈ ದಡದಲ್ಲಿ ಗುರುಗಳ ಜೊತೆ ಕೇತಯ್ಯ ಉಳಿದ. ಅವನ ಜೀವದ ಗೆಳೆಯ ಬೊಮ್ಮಣ್ಣ ಆಚೆ ದಡದವನಾದ.

ಆ ಸಂಜೆ ಆಚೆ ದಡದವರು ದೋಣಿಯಲ್ಲಿ ಬರುವವರಿದ್ದರು. ಎಲ್ಲರೂ ಕೂಡಿ ಹಾಡಿದ ಮೇಲೆಯೇ ಊಟ, ಅದು ಆಶ್ರಮದ ಪದ್ಧತಿ. ಹಾಡು ಎತ್ತಿಕೊಡುವವನು ಕೇತಯ್ಯ. ಅವನೋ ಬೆಳಗಿನಿಂದ ಮುಖ ಗಂಟಿಕ್ಕಿಕೊಂಡಿದ್ದ.

"ಗುರುಗಳೇ, ಅವರನ್ನು ಹಾಡಲು ಬಿಡಬೇಡಿ. ನೀವು ಕಲಿಸಿದ ಹಾಡನ್ನೇ ಕೆಡಿಸಿಬಿಟ್ಟಿದ್ದಾರಂತೆ. ಸಾಲು ಸಾಲಿಗೂ ರಾಗ ಎಳೆಯುತ್ತಾರಂತೆ. ಬೊಮ್ಮಣ್ಣ ಇನ್ನು ನಮ್ಮವನಲ್ಲ."

ಅಷ್ಟು ಹೇಳಿ ಕೇತಯ್ಯ ಒಲೆಯ ಪಕ್ಕ ಕುಕ್ಕರಿಸಿದ.

ಗುರುಗಳು ಪಾಯಸಕ್ಕೆ ಹಾಲು ಕಾಯಿಸುತ್ತಿದ್ದರು. "ಇಲ್ಲಿ ನೋಡಪ್ಪಾ" ಎಂದರು.

ಹಾಲಿನ ಮೇಲೆ ಕೆನೆ ಕಟ್ಟಿತ್ತು. ಅಡಿಯ ಕಾವಿಗೆ ಅದು ಬಿರಿದು, ತುಂಡುಗಳು ಮೆಲ್ಲಗೆ ದೂರ ಸರಿದವು.

"ಭೂಮಿಯೂ ಹೀಗೆಯೇ. ಒಳಗೆ ಕಾವು, ಮೇಲೆ ನೆಲ. ಒಂದಾಗಿದ್ದ ನೆಲ ಸೀಳಿತು. ಉಗುರು ಬೆಳೆಯುವಷ್ಟು ನಿಧಾನಕ್ಕೆ ಸರಿದು ಸರಿದು ಖಂಡಗಳಾದವು. ನಡುವೆ ಕಡಲು ತುಂಬಿತು."

"ಮೇಲಿದ್ದ ಜೀವಗಳು?"

"ಅವೂ ಪಾಲಾದವು. ನಮ್ಮ ಸಹ್ಯಾದ್ರಿಯ ಮಣ್ಣಿನೊಳಗೆ ಒಂದು ನೇರಳೆ ಬಣ್ಣದ ಕಪ್ಪೆ ಇದೆ. ಮಳೆ ಬಂದಾಗಷ್ಟೇ ಮುಖ ತೋರಿಸುತ್ತದೆ. ಅದರ ಹತ್ತಿರದ ನೆಂಟರಿರುವುದು ಕಡಲಾಚೆ, ಒಂದು ಕಾಲಕ್ಕೆ ನಮ್ಮ ನೆಲಕ್ಕೇ ಅಂಟಿಕೊಂಡಿದ್ದ ಸೆಶೆಲ್ಸ್ ದ್ವೀಪಗಳಲ್ಲಿ. ಅವುಗಳಲ್ಲಿ ಕೆಲವು ಬೆರಳ ತುದಿಯಷ್ಟೇ ಇವೆ. ಅಲ್ಲಿನ ನೆಲ ಬೇರೆ, ಮಳೆ ಬೇರೆ, ಕಪ್ಪೆಯೂ ಬೇರೆಯಾಯಿತು."

ಕೇತಯ್ಯ ಸಿಟ್ಟನ್ನು ಮರೆತೇಬಿಟ್ಟ. "ಎಂಥ ಸೋಜಿಗ ಗುರುಗಳೇ! ಒಂದೇ ಮನೆತನ, ಎಷ್ಟೊಂದು ಬಗೆ!"

"ಹೌದಲ್ಲ? ಅವುಗಳಲ್ಲಿ ಕೆಟ್ಟುಹೋದ ಕಪ್ಪೆ ಯಾವುದು?"

ಕೇತಯ್ಯ ತಲೆ ತಗ್ಗಿಸಿದ. ಆದರೂ ಅವನ ಹಟ ಪೂರ್ತಿ ಇಳಿದಿರಲಿಲ್ಲ. "ಸೀಳದೇ ಇದ್ದಿದ್ದರೆ ಯಾರೂ ಅಗಲಬೇಕಾಗಿರಲಿಲ್ಲ" ಎಂದು ಗೊಣಗುತ್ತಾ ಒಲೆಯಿಂದ ಸೌದೆಯನ್ನು ಹಿಂದಕ್ಕೆಳೆದ. ಕಾವು ಇಳಿಯಿತು. ಕೆನೆ ಅಲ್ಲಾಡದೆ ನಿಂತಿತು.

"ನೋಡಿ, ಇನ್ನು ಬಿರಿಯುವುದಿಲ್ಲ."

"ಪಾಯಸವೂ ಆಗುವುದಿಲ್ಲ" ಎಂದು ಗುರುಗಳು ನಕ್ಕರು.

ಅಷ್ಟರಲ್ಲಿ ಹೊಳೆಯ ಮೇಲಿಂದ ಹಾಡು ಕೇಳಿಸಿತು. ಬೊಮ್ಮಣ್ಣನ ದನಿ. ಸಾಲಿನ ಕೊನೆಯಲ್ಲಿ ರಾಗ ಎಳೆಯುತ್ತಿದ್ದದ್ದು ನಿಜವೇ. ಆದರೆ ಆ ಎಳೆತ ದೋಣಿಯ ಹುಟ್ಟು ಹಾಕುವ ಕೈಗೆ ಸರಿಯಾಗಿ ಹೊಂದಿಕೊಂಡಿತ್ತು. ಹೊಳೆಯೇ ಅವರಿಗೆ ಅದನ್ನು ಕಲಿಸಿತ್ತು. ಕೇಳುತ್ತಾ ಕೇಳುತ್ತಾ ಕೇತಯ್ಯನ ಮೈ ಜುಮ್ಮೆಂದಿತು. ಇಷ್ಟು ಚೆಂದದ ಹಾಡನ್ನು ಬೇಡ ಎಂದುಬಿಟ್ಟಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

"ಗುರುಗಳೇ, ನಾನೇ ದಡಕ್ಕೆ ಹೋಗಿ ಕರೆತರುತ್ತೇನೆ. ಇವತ್ತು ಹಾಡು ಅವನೇ ಎತ್ತಿಕೊಡಲಿ."

"ಹೋಗು. ಹೋಗುವ ಮೊದಲು ಆ ಸೌದೆಯನ್ನು ಒಲೆಗೆ ತಳ್ಳು."