ಪ್ಯಾನೆಲ್ಲಿಗೆ ಹೊದಿಸಿದ ಕಪ್ಪು ಬಟ್ಟೆ

"ಸರ್, ರಾತ್ರಿ ಕತ್ತಲಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಅದರ ಶಕ್ತಿ ಪೂರ್ತಿ ವಾಪಸ್ ಬರುತ್ತದೆ. ಹಾಗಿದ್ದ ಮೇಲೆ ನಮ್ಮ ಪದರ ಬಾಳಿಕೆ ಬರುತ್ತದೆ ಎಂದು ಬರೆಯಬಹುದಲ್ಲವೇ?"

ಕೇಳಿದವಳು ಮಹಾನಂದಾ. ಚೆನ್ನವೀರ ಮೇಷ್ಟ್ರ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುವವಳು. ಬಿಸಿಲನ್ನು ವಿದ್ಯುತ್ತಾಗಿಸುವ ಪೆರೋವ್‌ಸ್ಕೈಟ್ ಎಂಬ ಹರಳನ್ನು ಗಾಜಿನ ಮೇಲೆ ತೆಳ್ಳಗೆ ಬಳಿಯುವುದು ಅಲ್ಲಿನ ಕೆಲಸ. ಖರ್ಚು ಕಡಿಮೆ. ಮೊದಲ ದಿನ ಅದು ಕೊಡುವ ವಿದ್ಯುತ್ತನ್ನು ಕಂಡರೆ ಯಾರಾದರೂ ಮರುಳಾಗಬೇಕು. ಆದರೆ ತೇವ ತಾಗಿದರೆ ಕೆಡುತ್ತದೆ, ಕಾವು ಏರಿದರೆ ಕೆಡುತ್ತದೆ, ಬೆಳಕಿಗೆಂದೇ ಮಾಡಿದ್ದು ಬೆಳಕಿನಲ್ಲೇ ಸೊರಗುತ್ತದೆ. ಅದನ್ನು ವರ್ಷಗಟ್ಟಲೆ ಬಾಳುವಂತೆ ಮಾಡುವುದು ಹೇಗೆ ಎಂಬುದೇ ಎಲ್ಲರ ತಲೆನೋವು. ಮಹಾನಂದಾ ಹರಳಿನ ಸಂದುಗಳಿಗೆ ಒಂದು ಹೊಸ ಲವಣ ತುಂಬಿ ನೋಡುತ್ತಿದ್ದಳು. ಹಗಲೆಲ್ಲ ದೀಪದ ಕೆಳಗಿದ್ದ ಪದರ ಸಂಜೆಗೆ ಸೊರಗುತ್ತಿತ್ತು. ರಾತ್ರಿ ಕತ್ತಲಲ್ಲಿದ್ದು ಬೆಳಗ್ಗೆ ಮತ್ತೆ ಮೊದಲಿನಂತಾಗುತ್ತಿತ್ತು. ಅವಳು ಬೆಳಗಿನ ಅಳತೆಗಳನ್ನು ಮಾತ್ರ ತಂದಿದ್ದಳು.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು.

"ಸಂಜೆಯ ಅಳತೆ ಎಲ್ಲಿ?"

"ಎಲ್ಲರೂ ವಿಶ್ರಾಂತಿ ಕೊಟ್ಟೇ ಅಳೆಯುತ್ತಾರೆ, ಸರ್. ಅದೇ ಪದ್ಧತಿ."

"ಪದ್ಧತಿ! ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೂತುಕೋ ತಾಯಿ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಮಹಾನಂದಾ ಕೂತಳು. ಮೇಷ್ಟ್ರು ಹೇಳತೊಡಗಿದರು.

ಒಬ್ಬ ವಿಜ್ಞಾನಿ ಇದ್ದ. ದಡ್ಡನಲ್ಲ. ಕಳ್ಳನೂ ಅಲ್ಲ. ನನ್ನ ಸಿಟ್ಟೇ ಅದು. ಕಳ್ಳನಾಗಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು.

ಅವನು ಇದೇ ಹರಳಿನಿಂದ ಒಂದು ಸೋಲಾರ್ ಪ್ಯಾನೆಲ್ ಮಾಡಿದ. ತೇವ ನುಗ್ಗದಂತೆ ಅಂಚಿಗೆಲ್ಲ ಅಂಟು ಬಳಿದ. ಕಾವಿಗೆ ಹೆದರುವ ಅಂಶವನ್ನು ತೆಗೆದು ಬೇರೆಯದನ್ನು ಹಾಕಿದ. ಅಷ್ಟರಮಟ್ಟಿಗೆ ಬುದ್ಧಿವಂತ, ಇಲ್ಲವೆನ್ನುವುದಿಲ್ಲ. ಅವನ ಪ್ರಯೋಗಾಲಯದಲ್ಲಿ ಒಂದು ಕ್ರಮವಿತ್ತು. ಅಳೆಯುವ ಮೊದಲು ಪ್ಯಾನೆಲ್ಲಿನ ಮೇಲೆ ಕಪ್ಪು ಬಟ್ಟೆ ಹೊದಿಸಬೇಕು. ದಣಿದದ್ದನ್ನು ಅಳೆದರೆ ಅಂಕಿ ಏರುಪೇರಾಗುತ್ತದೆ, ದಣಿವಾರಿದ್ದನ್ನು ಅಳೆದರೆ ಅಂಕಿ ಒಂದೇ ಸಮ ಬರುತ್ತದೆ. ಅವನ ಗುರು ಹಾಗೆ ಮಾಡುತ್ತಿದ್ದ, ಇವನೂ ಹಾಗೆಯೇ ಮಾಡಿದ. ಯಾಕೆಂದು ಗುರುವನ್ನು ಇವನು ಕೇಳಲಿಲ್ಲ, ಇವನನ್ನು ಬೇರೆ ಯಾರೂ ಕೇಳಲಿಲ್ಲ. ತಿಂಗಳುಗಟ್ಟಲೆ ಅಂಕಿ ಅಲುಗಲಿಲ್ಲ. ಬಾಳಿಕೆಯ ಪ್ಯಾನೆಲ್ ಬಂತೆಂದು ದೊಡ್ಡವರೆಲ್ಲ ಅವನನ್ನು ತಲೆಯ ಮೇಲೆ ಹೊತ್ತು ಕುಣಿದರು.

ಹೊಳೆಯ ನಡುವೆ ಒಂದು ನಡುಗಡ್ಡೆ. ಅಲ್ಲಿಗೆ ಕರೆಂಟಿನ ತಂತಿ ಹೋಗಿರಲಿಲ್ಲ. ಹೋಗಬೇಕಾದರೆ ಹರಿಗೋಲು ಹತ್ತಬೇಕು. ಅಲ್ಲೊಂದು ಪುಟ್ಟ ಆರೋಗ್ಯ ಕೇಂದ್ರ, ಅದಕ್ಕೊಬ್ಬ ನರ್ಸಮ್ಮ. ಮಕ್ಕಳ ಲಸಿಕೆ ಇಡಲು ಒಂದು ಫ್ರಿಜ್ಜು ಕೊಟ್ಟು, ಅದನ್ನು ನಡೆಸಲು ಸೂರಿನ ಮೇಲೆ ಇವನ ಪ್ಯಾನೆಲ್ ಕೂರಿಸಿದರು. ಊರವರು ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ಅಲ್ಲಿಯವರೆಗೆ ಲಸಿಕೆಗಾಗಿ ಎಳೆಗೂಸುಗಳನ್ನು ಎತ್ತಿಕೊಂಡು ಹೊಳೆ ದಾಟುತ್ತಿದ್ದ ತಾಯಂದಿರು ಅವರು. ಸಂತೋಷವಾಗದೆ ಇದ್ದೀತೇ?

ಕೆಲವು ದಿನ ಎಲ್ಲ ಸರಿಯಿತ್ತು. ಆಮೇಲೆ ನರ್ಸಮ್ಮ ಒಂದು ಸಂಗತಿ ಕಂಡಳು. ರಾತ್ರಿಯ ತಂಪು, ಬೆಳಗಿನ ಬಿಸಿಲು ಇರುವವರೆಗೆ ಫ್ರಿಜ್ಜು ತಣ್ಣಗಿರುತ್ತದೆ. ಮಧ್ಯಾಹ್ನ ದಾಟಿದರೆ ಒಳಗಿನ ಕಾವು ಏರುತ್ತದೆ. ಲಸಿಕೆ ಹಾಲಿನ ಹಾಗಲ್ಲ ನೋಡು. ಹಾಲು ಕೆಟ್ಟರೆ ಒಡೆಯುತ್ತದೆ, ವಾಸನೆ ಬರುತ್ತದೆ. ಕಾವು ತಾಗಿದ ಲಸಿಕೆ ಕಣ್ಣಿಗೆ ಹಾಗೇ ಕಾಣುತ್ತದೆ, ಒಳಗಿನ ಸತ್ವ ಮಾತ್ರ ಹೋಗಿರುತ್ತದೆ. ಅವಳಿಗೆ ಭಯವಾಯಿತು. ಮೇಲಿನವರಿಗೆ ಹೇಳಿ ಕಳಿಸಿದಳು. ವಿಜ್ಞಾನಿ ತಾನೇ ಬಂದ.

"ಸಾಹೇಬರೇ, ಬೆಳಗ್ಗೆ ಚೆನ್ನಾಗಿರುತ್ತದೆ. ಊಟದ ಹೊತ್ತಾದರೆ ಸಾಕು, ಬಿಸಿಯಾಗುತ್ತದೆ. ಮಕ್ಕಳಿಗೆ ಹಾಕುವ ಔಷಧಿ, ದಯವಿಟ್ಟು ಸರಿಯಾಗಿ ನೋಡಿ" ಎಂದಳು.

ಅವನು ಬಂದದ್ದು ಸುಡುವ ಮಧ್ಯಾಹ್ನವೇ. ಬೇಕಾಗಿದ್ದ ಹೊತ್ತಿಗೇ ಬಂದಿದ್ದ ಪುಣ್ಯಾತ್ಮ. ಪ್ಯಾನೆಲ್ ಎದುರಿಗಿತ್ತು, ಅಳೆಯುವ ಯಂತ್ರ ಕೈಯಲ್ಲಿತ್ತು. ಏಣಿ ಹತ್ತಿ ಸೂರಿಗೆ ಹೋದ. ಹೋಗಿ ಏನು ಮಾಡಿದ? ಚೀಲದಿಂದ ಕಪ್ಪು ಬಟ್ಟೆ ತೆಗೆದು ಪ್ಯಾನೆಲ್ಲಿಗೆ ಹೊದಿಸಿದ!

"ಆಗಲೇ ಅಳೆಯಲಿಲ್ಲವೇ, ಸರ್?" ಎಂದು ಮಹಾನಂದಾ ತಡೆಯಲಾರದೆ ಕೇಳಿದಳು.

"ಅಳೆಯಲಿಲ್ಲ. ಪದ್ಧತಿಯಲ್ಲವೇ!" ಮೇಷ್ಟ್ರ ದನಿ ಏರಿತು. "ಹೊದಿಸಿ ಕೆಳಗಿಳಿದ. ನರ್ಸಮ್ಮನ ಮನೆಯಲ್ಲಿ ಬಿಸಿಬಿಸಿ ರೊಟ್ಟಿ, ಪುಂಡಿಪಲ್ಯ ಉಂಡ. ಅವಳೇ ಚಾಪೆ ಹಾಸಿಕೊಟ್ಟಳು, ಒಂದು ನಿದ್ದೆ ತೆಗೆದ. ಕೆಳಗೆ ಅವನು ಮಲಗಿದ್ದ, ಮೇಲೆ ಅವನ ಪ್ಯಾನೆಲ್ಲೂ ಮಲಗಿತ್ತು."

ಹೊತ್ತು ಮುಳುಗುವಾಗ ಎದ್ದು ಬಟ್ಟೆ ಸರಿಸಿದ. ತಾನು ತಂದಿದ್ದ ಅಳತೆಯ ದೀಪ ಹಿಡಿದು ನೋಡಿದ. ಶಕ್ತಿ ಪೂರ್ತಿಯಾಗಿತ್ತು, ಕೂದಲೆಳೆಯಷ್ಟೂ ಕಡಿಮೆಯಿರಲಿಲ್ಲ. ಕೆಳಗಿಳಿದು ಬಂದವನೇ ನರ್ಸಮ್ಮನಿಗೆ ಏನೆಂದ ಗೊತ್ತೇ? "ನನ್ನ ಪ್ಯಾನೆಲ್ ಗಟ್ಟಿಯಾಗಿದೆ. ನೀವೇ ಫ್ರಿಜ್ಜಿನಲ್ಲಿ ಕುಡಿಯುವ ನೀರೋ ಮಜ್ಜಿಗೆಯೋ ಇಡುತ್ತಿರಬೇಕು. ಮಧ್ಯಾಹ್ನವೆಲ್ಲ ಬಾಗಿಲು ತೆಗೆದು ಹಾಕಿ ಮಾಡಿದರೆ ಯಾವ ಯಂತ್ರ ತಾನೇ ತಡೆಯುತ್ತದೆ?"

ಉಂಡ ಮನೆಯಲ್ಲಿ ನಿಂತು ಆಡುವ ಮಾತೇ ಅದು? ಅನ್ನ ಹಾಕಿದವಳ ಮೇಲೆ ಗೂಬೆ ಕೂರಿಸಿ ಹರಿಗೋಲು ಹತ್ತಿದ. ಊರು ಸೇರಿದ ಮೇಲೆ ಮೇಲಿನವರಿಗೂ ಅದನ್ನೇ ಹೇಳಿದ. ಯಂತ್ರ ಸರಿ ಇದೆ, ಬಳಸುವವಳು ಸರಿ ಇಲ್ಲ ಎಂದ.

ಹೊಟ್ಟೆ ಉರಿಯುವುದು ಮುಂದಿನದಕ್ಕೆ. ಅವಳು ಅವನನ್ನು ನಂಬಿದಳು! ಅಷ್ಟು ಓದಿದವರು ಸುಳ್ಳು ಹೇಳುತ್ತಾರೆಯೇ ಎಂದುಕೊಂಡಳು. ಫ್ರಿಜ್ಜಿನಲ್ಲಿ ಅವಳು ಒಂದು ಲೋಟ ನೀರನ್ನೂ ಇಟ್ಟವಳಲ್ಲ. ಆದರೂ ತಪ್ಪು ತನ್ನದೇ ಇರಬೇಕೆಂದು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಧ್ಯಾಹ್ನ ಕಾವು ಏರುವುದು ನಿಲ್ಲಲಿಲ್ಲ. ಕಾವು ತೋರಿಸುವ ಮುಳ್ಳೇ ಕೆಟ್ಟಿದೆ ಎಂದುಕೊಂಡು ಅದನ್ನು ನೋಡುವುದನ್ನು ಬಿಟ್ಟಳು. ಲಸಿಕೆ ಹಾಕುವ ದಿನ ತಾಯಂದಿರು ಕೂಸುಗಳನ್ನು ತಂದರು. ಅವಳು ಒಂದೊಂದು ಮಗುವಿಗೂ ಸೂಜಿ ಹಾಕಿ, ಅತ್ತ ಮಗುವಿನ ಬಾಯಿಗೆ ಬೆಲ್ಲ ಇಟ್ಟು ಕಳಿಸಿದಳು.

ಬೇಸಿಗೆಯ ಕೊನೆಗೆ ನಡುಗಡ್ಡೆಗೆ ದಡಾರ ಬಂತು. ಸೂಜಿ ಹಾಕಿಸಿಕೊಂಡ ಮಕ್ಕಳೂ ಒಬ್ಬರ ಹಿಂದೊಬ್ಬರು ಮಲಗಿದರು. ಹೆಚ್ಚಿನವರು ಎದ್ದರು. ಒಂದು ಹೆಣ್ಣುಮಗು ಎದ್ದಿತು, ಆದರೆ ಅದಕ್ಕೆ ಕಣ್ಣು ಹೋಗಿತ್ತು. ಅದರ ತಾಯಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನರ್ಸಮ್ಮನ ಬಾಗಿಲಿಗೆ ಬಂದಳು. ಬೈಯಲಿಲ್ಲ. "ಸೂಜಿ ಹಾಕಿಸಿದ್ದೆನಲ್ಲ ಅಕ್ಕಾ. ನೀವು ಬಾ ಎಂದ ದಿನವೇ ಬಂದಿದ್ದೆನಲ್ಲ" ಎಂದಳು. ಅಷ್ಟೇ ಹೇಳಿ ಹೊಸ್ತಿಲ ಮೇಲೆ ಕೂತು ಮಗುವನ್ನು ಮಡಿಲಿಗೆ ಇಳಿಸಿಕೊಂಡಳು.

ವಿಚಾರಣೆಗೆಂದು ಮೇಲಿನವರು ಬಂದರು. ಪ್ಯಾನೆಲ್ಲಿನ ಬಗ್ಗೆ ವಿಜ್ಞಾನಿ ಹೇಳಿದ್ದು ಅವರ ಕೈಯಲ್ಲಿತ್ತಲ್ಲ! ನರ್ಸಮ್ಮನ ಕೆಲಸ ಹೋಯಿತು. ಅದೇ ಹೊತ್ತಿಗೆ ಪಟ್ಟಣದಲ್ಲಿ ಬಾಳಿಕೆಯ ಪ್ಯಾನೆಲ್ ಮಾಡಿದವನಿಗೆ ಶಾಲು ಹೊದಿಸಿ ಹಾರ ಹಾಕಿದರು. ಥೂ! ನೆನೆಸಿಕೊಂಡರೆ ಈಗಲೂ ಅನ್ನ ಇಳಿಯುವುದಿಲ್ಲ.

ನಿಜ ಆಮೇಲೆ ಹೊರಬಿತ್ತು. ಬೇರೆ ಯಾರೋ ಒಂದು ಮಧ್ಯಾಹ್ನ ಬಟ್ಟೆ ಹೊದಿಸದೆ ಆ ಪ್ಯಾನೆಲ್ಲನ್ನು ಅಳೆದರು. ಅರ್ಧ ಶಕ್ತಿಯೂ ಇರಲಿಲ್ಲ. ಬಿಸಿಲು ಬಿದ್ದಷ್ಟೂ ಹರಳಿನೊಳಗಿನ ಕಣಗಳು ಜಾಗ ಬಿಟ್ಟು ಸರಿಯುತ್ತಿದ್ದವು, ಕತ್ತಲಾದರೆ ಮರಳುತ್ತಿದ್ದವು. ಅವನು ಆ ದಿನ ಸೂರಿನ ಮೇಲೆ ನಿಂತಾಗಲೇ ಇದನ್ನು ಕಂಡಿದ್ದರೆ ಹರಳಿನ ಸಂದು ಮುಚ್ಚುವ ದಾರಿ ಹುಡುಕುತ್ತಿದ್ದ. ಹುಡುಕುವ ಬುದ್ಧಿ ಅವನಿಗಿತ್ತು. ಜ್ವರ ಏರಿದಾಗ ರೋಗಿಯನ್ನು ಮಲಗಿಸಿ, ಇಳಿದ ಮೇಲೆ ಹಣೆ ಮುಟ್ಟಿ ನೋಡಿದರೆ ಏನು ತಿಳಿಯುತ್ತದೆ, ಮಣ್ಣು! ಮದ್ದು ಸಿಗುವ ಗಳಿಗೆಗೇ ಅವನು ಬಟ್ಟೆ ಮುಚ್ಚಿದ.

ಕೇಳಿದವರಿಗೆ ಅವನು ಕೊಟ್ಟ ಉತ್ತರ ಒಂದೇ. "ನಾನು ಪದ್ಧತಿಯಂತೆ ಅಳೆದಿದ್ದೇನೆ. ಸುಳ್ಳು ಅಂಕಿ ಬರೆದಿಲ್ಲ" ಎಂದ.

ಮೇಷ್ಟ್ರು ಕತೆ ನಿಲ್ಲಿಸಿದರು. ಸಿಟ್ಟಿಗೆ ಅವರ ಉಸಿರು ಇನ್ನೂ ಜೋರಾಗಿ ಬರುತ್ತಿತ್ತು. ಮಹಾನಂದಾ ತಾನು ತಂದ ಹಾಳೆಗಳ ಅಂಚನ್ನು ಬೆರಳಿನಿಂದ ತೀಡಿದಳು. ಅವಳ ಮನಸ್ಸು ಇನ್ನೂ ಒಪ್ಪಿರಲಿಲ್ಲ.

"ಅವರು ಮಾಡಿದ್ದು ತಪ್ಪು, ಸರ್. ಆದರೂ ಅಂಕಿ ಸುಳ್ಳಲ್ಲವಲ್ಲ. ಅಳೆದಾಗ ಇದ್ದದ್ದನ್ನೇ ಬರೆದರು, ಅಷ್ಟು ಮಟ್ಟಿಗೆ ಅದು ನಿಜ ತಾನೇ?"

ಮೇಷ್ಟ್ರು ಅವಳ ಮುಖವನ್ನೇ ನೋಡಿದರು. ಈ ಸಲ ದನಿ ಏರಿಸಲಿಲ್ಲ.

"ಅಂಕಿ ನಿಜವೇ ತಾಯಿ, ಆ ಮಗುವಿನ ತೋಳಿಗೆ ಚುಚ್ಚಿದ ಸೂಜಿಯೂ ನಿಜವೇ."